ಕಲಮಜೂ ಹತ್ತಿರ ಅತ್ತೆಯವರ ಡ್ರಾಫ್ಟು

ನನ್ನ ಎತ್ತರ ಐದಡಿ ನಾಲ್ಕಿಂಚು. ಬಾಸ್ಕೆಟ್‌ಬಾಲನ್ನು ಜೀವಮಾನದಲ್ಲಿ ಒಂದೇ ಸಲ ಕೈಯಲ್ಲಿ ಹಿಡಿದಿದ್ದೇನೆ. ಅದೂ ಪಕ್ಕದ ಮನೆಯವರದು ನಮ್ಮ ಹಿತ್ತಿಲಿಗೆ ಬಿದ್ದಾಗ ಬೇಲಿಯಾಚೆ ಎಸೆಯಲು. ಎಸೆದೆ, ದಾಟಲಿಲ್ಲ. ಇಷ್ಟಾದರೂ ಶಿಕಾಗೋ ತಂಡ ಈ ವರ್ಷ ಯಾರನ್ನು ಆರಿಸಬೇಕು, ಯಾರನ್ನು ಬಿಡಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಹೊಟ್ಟೆಪಾಡಿಗೆ ನಾನು ಮೋರಿ, ಚರಂಡಿಗಳ ಇಂಜಿನಿಯರು. ಮಳೆನೀರು ಎಲ್ಲಿ ಹರಿಯಬೇಕೆಂದು ಆಫೀಸಿನಲ್ಲಿ ಹೇಳಬೇಕಾದರೆ ಎರಡು ದಿನ ತಡವರಿಸುತ್ತೇನೆ. ಗೊತ್ತಿಲ್ಲದ ವಿಷಯದಲ್ಲಿ ಬರುವ ಧೈರ್ಯ ಗೊತ್ತಿರುವ ವಿಷಯದಲ್ಲಿ ಯಾಕೆ ಬರುವುದಿಲ್ಲವೋ, ಈ ವಯಸ್ಸಿನಲ್ಲೂ ಬಗೆಹರಿಯದ ಕುತೂಹಲ ನನಗೆ.

ಈ ಧೈರ್ಯದಲ್ಲಿ ನನಗೆ ಸರಿಸಾಟಿ ಎಂದರೆ ನನ್ನ ಷಡ್ಡಕ ಮಂಜು, ನನ್ನ ಹೆಂಡತಿ ಸುಧಾಳ ತಂಗಿ ಶುಭಳ ಗಂಡ. ನಾವು ಶಿಕಾಗೋ ಪಕ್ಕದ ವೆಸ್ಟ್‌ಮಂಟ್‌ನಲ್ಲಿ, ಅವರು ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ. ಭಾನುವಾರ ಬಂತೆಂದರೆ ಸ್ಪೀಕರ್ ಫೋನಿನಲ್ಲಿ ನಮ್ಮ ಸಭೆ. ಜೂನ್ ತಿಂಗಳಲ್ಲಿ ಅದು ದಿನವೂ ಸೇರುತ್ತದೆ, ಏಕೆಂದರೆ ಆಗ ಡ್ರಾಫ್ಟು. ಅಂದರೆ ಕಾಲೇಜು ಆಟ ಮುಗಿಸಿದ ಹೊಸ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವುದು. ಇದರಲ್ಲಿ ವಿಚಿತ್ರವೇನೆಂದರೆ, ಹಿಂದಿನ ವರ್ಷ ಚೆನ್ನಾಗಿ ಸೋತವರಿಗೆ ಹೆಚ್ಚು ಕಮ್ಮಿ ಮೊದಲ ಸರದಿ. ನಮ್ಮ ಅಜ್ಜ ಮೇಷ್ಟರಾಗಿದ್ದವರು. ಸೊನ್ನೆ ತೆಗೆದವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ಲಾಡು ಕೊಡುವ ಈ ಪದ್ಧತಿಯನ್ನು ಕಂಡಿದ್ದರೆ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡುತ್ತಿದ್ದರು. ಡೆಟ್ರಾಯಿಟ್ ತಂಡ ವರ್ಷಗಟ್ಟಲೆ ಮನಸಾರೆ ಸೋತು, ಒಳ್ಳೊಳ್ಳೆಯ ಹುಡುಗರನ್ನು ಬಾಚಿಕೊಂಡು ಈಗ ಗೆಲ್ಲುತ್ತಿದೆ. ನಮ್ಮದು ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ.

‘ನಿಮ್ದು ಎಡಬಿಡಂಗಿ ಟೀಮು ಭಾವ. ನೆಟ್ಟಗೆ ಸೋಲೋಕೂ ಬರಲ್ಲ,’ ಎನ್ನುತ್ತಾನೆ ಮಂಜು.

ನಮ್ಮ ಮುಖ್ಯ ಜಗಳ ಇಷ್ಟೇ. ತಂಡದಲ್ಲಿ ಏನು ಕೊರತೆಯಿದೆಯೋ ಅದನ್ನು ತುಂಬುವವನನ್ನು ಆರಿಸಬೇಕು, ನಮಗೆ ಬುಟ್ಟಿಯ ಕೆಳಗೆ ನಿಲ್ಲುವ ಎತ್ತರದವನೊಬ್ಬ ಬೇಕು ಎಂಬುದು ನನ್ನ ವಾದ. ಕೊರತೆ ಗಿರತೆ ಆಮೇಲೆ, ಎದುರಿಗಿರುವವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವನನ್ನು ಮೊದಲು ಎತ್ತಿಕೊಳ್ಳಬೇಕು ಎಂಬುದು ಮಂಜುವಿನ ವಾದ. ಮನೆಯಲ್ಲಿ ಅಕ್ಕಿ ಮುಗಿದಿರುವಾಗ ಅಂಗಡಿಯಲ್ಲಿ ಮಾವಿನಹಣ್ಣು ಚೆನ್ನಾಗಿದೆ ಅಂತ ಅದನ್ನೇ ತರುತ್ತಾರೇನಯ್ಯ ಎಂದು ಒಮ್ಮೆ ಕೇಳಿದೆ. ಒಳ್ಳೆಯ ಮಾತು ಹೊಳೆಯಿತೆಂದು ಹಿಗ್ಗುವಷ್ಟರಲ್ಲಿ ಅಡಿಗೆಮನೆಯಿಂದ ಸುಧಾಳ ದನಿ ಬಂತು. ‘ಹೋದ ವಾರ ಡೆವನ್ ಅವೆನ್ಯೂಗೆ ಅಕ್ಕಿ ತರೋಕೆ ಹೋಗಿ ಮಾವಿನಹಣ್ಣಿನ ಬಾಕ್ಸ್ ಹೊತ್ಕೊಂಡು ಬಂದೋರು ಯಾರು ಅಂತ ಕೇಳು ಮಂಜು.’ ಆ ಭಾನುವಾರದ ಸಭೆ ಬೇಗ ಮುಗಿಯಿತು.

ಈ ಸಭೆಗೆ ಒಬ್ಬರು ಕಾಯಂ ಶ್ರೋತೃ ಇದ್ದಾರೆ, ನಮ್ಮಿಬ್ಬರ ಅತ್ತೆ. ತಿಪಟೂರಿನವರು, ಮಾತು ಕಡಿಮೆ, ನೋಟ ಜಾಸ್ತಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಟ್ರಾಯ್‌ನಲ್ಲಿ ಹೀರೆಕಾಯಿ ಬಳ್ಳಿ ಹಬ್ಬಿಸಿಕೊಂಡು ಇರುತ್ತಾರೆ, ಚಳಿಗಾಲವೆಲ್ಲ ನಮ್ಮಲ್ಲಿ. ನಮ್ಮ ಸೋಫಾದ ಮೂಲೆಯಲ್ಲಿ ಶಾಲು ಹೊದ್ದು, ಕಾಲು ಮಡಿಸಿ ಕೂತು ಪ್ರತಿ ಆಟವನ್ನೂ ನೋಡುತ್ತಾರೆ. ಇಂಗ್ಲಿಷ್ ಬಾರದವರಿಗೆ ಕಷ್ಟವಾಗದಿರಲೆಂದು ಪಕ್ಕದಲ್ಲಿ ಕೂತು ನಾನು ಮೊದಲಿಂದ ಕೊನೆಯವರೆಗೆ ವಿವರಿಸುತ್ತೇನೆ. ಅವರು ‘ಹೌದಾ’ ಎನ್ನುತ್ತಾರೆ. ಅಂಥ ‘ಹೌದಾ’ ನನಗೆ ಆಫೀಸಿನಲ್ಲಾಗಲಿ ಮನೆಯಲ್ಲಾಗಲಿ ಇನ್ನಾರಿಂದಲೂ ಸಿಕ್ಕಿಲ್ಲ. ಒಮ್ಮೊಮ್ಮೆ ತಾವೇ ಏನಾದರೂ ಹೇಳುವುದುಂಟು. ನಮ್ಮ ತಂಡವನ್ನು ಬಹಳ ಹೊತ್ತು ದಿಟ್ಟಿಸಿ, ‘ಬಡಿಸೋಕೆ ಎಲ್ಲಾ ನಿಂತಿದಾರೆ, ಅಡಿಗೆಮನೇಲಿ ಯಾರಿದಾರೆ?’ ಎಂದರು ಒಂದು ದಿನ. ಎತ್ತರದವನು ಬೇಕೆಂದು ಮೂರು ವರ್ಷದಿಂದ ನಾನು ಕೂಗಿದ್ದು ಅದೇ ಮಾತು, ಅಷ್ಟು ಚಿಕ್ಕದಾಗಿ ಹೇಳಲು ಬಂದಿರಲಿಲ್ಲ.

ಹೋದ ಜೂನಿನಲ್ಲಿ, ಡ್ರಾಫ್ಟಿನಲ್ಲಿ ಒಬ್ಬ ಹುಡುಗನ ಹೆಸರು ಕರೆದ ಹೊತ್ತಿಗೆ, ಮಂಜುವಿನ ಕಡೆಯ ಫೋನಿನಿಂದ ಅವರು ಇನ್ನೊಂದು ಪ್ರಶ್ನೆ ಕೇಳಿದರು. ‘ಆ ಹುಡುಗನ್ನ ಯಾರಾದ್ರೂ ಕೇಳಿದ್ರಾ, ಆ ಊರಿಗೆ ಹೋಗೋಕೆ ನಿಂಗೆ ಇಷ್ಟನಾ ಅಂತ?’

ಷಡ್ಡಕರಿಬ್ಬರೂ ಅಪರೂಪಕ್ಕೆ ಒಮ್ಮತದಿಂದ ನಕ್ಕೆವು. ಹಾಗೆಲ್ಲ ಕೇಳುವುದಿಲ್ಲ ಅತ್ತೆ, ರೂಲ್ಸು. ಹೆಸರು ಕರೆದವರ ಕಡೆಗೆ ನಗುನಗುತ್ತಾ ಹೋಗಬೇಕು ಎಂದು ತಿಳಿಸಿಕೊಟ್ಟೆವು. ‘ಪಾಪ’ ಎಂದು ಅವರು ಹೀರೆ ಬಳ್ಳಿಗೆ ನೀರು ಹಾಕಲು ಹೋದರು.

ಅತ್ತೆಯನ್ನು ಒಪ್ಪಿಸುವುದು, ಪಡೆಯುವುದು ಎಲ್ಲ ನಡೆಯುವುದು ಎರಡೂ ಊರಿನ ನಡುವೆ ಕಲಮಜೂ ಹತ್ತಿರ, ಹೈವೇ ಪಕ್ಕದ ರೆಸ್ಟ್ ಏರಿಯಾದಲ್ಲಿ. ಎರಡು ಕಾರು ಅಕ್ಕಪಕ್ಕ ನಿಲ್ಲಿಸಿ, ಮರದ ಮೇಜಿನ ಮೇಲೆ ಪುಳಿಯೋಗರೆ ಬಿಚ್ಚಿ ತಿಂದು, ಸೂಟ್‌ಕೇಸು ಆ ಡಿಕ್ಕಿಯಿಂದ ಈ ಡಿಕ್ಕಿಗೆ ಸಾಗಿಸುತ್ತೇವೆ. ಅಲ್ಲಿ ಡೆಟ್ರಾಯಿಟ್ ಗಡಿಯಾರ, ನಮ್ಮ ಶಿಕಾಗೋಗಿಂತ ಒಂದು ಗಂಟೆ ಮುಂದೆ. ಪ್ರತಿ ಸಲವೂ ಅದನ್ನು ಮರೆತು ನಾನು ಒಂದು ಗಂಟೆ ತಡ. ಈ ಅಕ್ಟೋಬರಿನಲ್ಲೂ ಸುಧಾಳೊಂದಿಗೆ ತಡವಾಗಿಯೇ ಹೋದೆ. ಮಂಜು, ಶುಭ, ಅತ್ತೆ ಕಾದು ಕೂತಿದ್ದರು. ಪುಳಿಯೋಗರೆ ಮುಗಿದರೂ ಮಂಜು ಡಿಕ್ಕಿ ತೆಗೆಯಲಿಲ್ಲ. ಕೊನೆಗೆ ಗಂಟಲು ಸರಿಮಾಡಿಕೊಂಡು, ಈ ಚಳಿಗಾಲ ಅತ್ತೆ ತಮ್ಮಲ್ಲೇ ಇದ್ದರೆ ಹೇಗೆ ಎಂದ. ಶುಭಳಿಗೆ ಆಸ್ಪತ್ರೆಯಲ್ಲಿ ಸಂಜೆಯ ಪಾಳಿ ಬಿದ್ದಿದೆ, ಮಕ್ಕಳಿಗೆ ಪಿಜ್ಜಾನೇ ಗತಿ ಎಂದ. ನನಗೆ ಡಿಸೆಂಬರಿನಲ್ಲಿ ಮಂಡಿ ಆಪರೇಷನ್ ಇದೆಯಲ್ಲ ಎಂದೆ. ಮಂಡಿ ನೆಪ. ಸೋಫಾದ ಆ ಮೂಲೆ ಖಾಲಿಯಾದರೆ ನಾನು ಯಾರಿಗೆ ವಿವರಿಸಲಿ ಎಂಬುದೇ ನನ್ನ ದಿಗಿಲು.

‘ನ್ಯಾಯವಾಗಿ ಹೋಗೋಣ ಭಾವ. ಡ್ರಾಫ್ಟ್ ರೂಲ್ಸು,’ ಎಂದ ಮಂಜು. ‘ಯಾರ ಮನೆ ಜಾಸ್ತಿ ಸೋತಿದೆಯೋ ಅವರಿಗೆ ಮೊದಲ ಸರದಿ.’

ಇಪ್ಪತ್ತು ವರ್ಷಗಳಿಂದ ನಾವಿಬ್ಬರೂ ಯಾರ ಮನೆ ಮೇಲು ಎಂದು ಪೈಪೋಟಿ ನಡೆಸಿದವರು. ಅವನು ಬೇಸ್‌ಮೆಂಟಿನಲ್ಲಿ ಥಿಯೇಟರ್ ಕಟ್ಟಿಸಿದರೆ ನಾನು ಹಿತ್ತಿಲಲ್ಲಿ ಮರದ ಜಗಲಿ ಕಟ್ಟಿಸಿದೆ. ಅಂದು ಆ ಮೇಜಿನ ಮುಂದೆ ಎಲ್ಲ ತಲೆಕೆಳಗಾಯಿತು. ನಮ್ಮ ಕರಿಬೇವಿನ ಗಿಡ ಒಣಗಿಹೋಯಿತು ಎಂದೆ. ಅವನ ಮಗ ಗಣಿತದಲ್ಲಿ ಸಿ ತಂದನಂತೆ. ಮೇ ತಿಂಗಳಿಂದ ನಾವು ಫ್ರೀಜರಿನ ಪರೋಟ ತಿಂದೇ ಬದುಕಿದ್ದೇವೆ ಎಂದೆ. ಮೇಜಿನ ಕೆಳಗೆ ಸುಧಾ ಬಲವಾಗಿ ಚಿವುಟಿದಳು. ಆಗ ಮಂಜು ತನ್ನ ಕೊನೆಯ ಅಸ್ತ್ರ ಬಿಟ್ಟ. ‘ನಮ್ಮ ಥಿಯೇಟರಿಗೆ ಮೊಣಕಾಲುದ್ದ ನೀರು ಬಂತು ಭಾವ. ನೀವು ಹೇಳಿದ ಜಾಗದಲ್ಲೇ ಪಂಪ್ ಇಟ್ಟಿದ್ದೆ.’

ಅತ್ತೆ ಇಷ್ಟೂ ಹೊತ್ತು ಸೇಬು ಹೆಚ್ಚುತ್ತಿದ್ದವರು ಚಾಕು ಒರೆಸಿಟ್ಟರು.

‘ಆ ಹುಡುಗ್ರನ್ನ ಯಾರೂ ಕೇಳಲ್ಲ, ರೂಲ್ಸು ಅಂದ್ರಿ. ನಂಗೂ ಅದೇ ರೂಲ್ಸಾ?’

ಮೊದಲು ಚೇತರಿಸಿಕೊಂಡವಳು ಸುಧಾ. ‘ನೀನೇ ಹೇಳಮ್ಮ, ನಿಂಗೆಲ್ಲಿ ಇಷ್ಟ?’

‘ಈ ಚಳಿಗಾಲ ಶುಭನ ಮನೇಲೇ ಇರ್ತೀನಿ.’

ಮಕ್ಕಳ ಊಟಕ್ಕೆಂದು ಇಷ್ಟು ದೊಡ್ಡ ಮನಸ್ಸು ಮಾಡಿದೆಯಲ್ಲ ಎಂದು ಶುಭ ಕಣ್ಣು ತುಂಬಿಕೊಳ್ಳಲು ಹೊರಟಳು. ಅತ್ತೆ ತಡೆದರು. ‘ಊಟಕ್ಕಲ್ಲ ಕಣೆ. ಅನ್ನ ಮಾಡ್ಕೊಳೋದು ಅವರೂ ಕಲೀಲಿ. ಏಪ್ರಿಲ್‌ನಲ್ಲಿ ನೋಡಿದೀನಿ, ನಿನ್ನ ಗಂಡ ಆಟ ಅರ್ಧ ಆಗೋದ್ರೊಳಗೆ ಗೊರಕೆ ಹೊಡೀತಾರೆ. ಆಮೇಲೆ ಆರಾಮಾಗಿ ನೋಡಬಹುದು.’ ಬಳಿಕ ನನ್ನ ಕಡೆ ತಿರುಗಿ, ಅಳಿಯನಿಗೆ ಕೊಡಬೇಕಾದ ಮರ್ಯಾದೆಯಲ್ಲಿ ಒಂದು ಚೂರೂ ಕಡಿಮೆ ಮಾಡದೆ ಹೇಳಿದರು. ‘ತಪ್ಪು ತಿಳೀಬೇಡಿ. ನೀವು ಚೆನ್ನಾಗೇ ಹೇಳಿಕೊಡ್ತೀರಿ. ಆದ್ರೆ ನಿಮ್ಮ ಮಾತು ಕೇಳಿದ್ರೆ ಆಟ ತಪ್ಪಿಹೋಗುತ್ತೆ. ಮಂಡಿ ಆಪರೇಷನ್‌ಗೆ ಬಂದೇ ಬರ್ತೀನಿ. ಆಗ ಹೇಗೂ ಮಾತ್ರೆ ತಗೊಂಡು ಮಲಗಿರ್ತೀರಲ್ಲ.’

ಅವರು ಹೋಗಿ ಮಂಜುವಿನ ಕಾರಿನಲ್ಲಿ ಕೂತರು. ನಮಗೆ ಒಂದು ಚೀಲ ಸೇಬು ಸಿಕ್ಕಿತು. ದಾರಿಯುದ್ದಕ್ಕೂ ಸುಧಾ ಫ್ರೀಜರಿನ ಪರೋಟದ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ.

ಮನೆಗೆ ಬಂದು ಯೋಚಿಸಿದೆ. ಕೊರತೆ ನಮ್ಮ ಮನೆಯಲ್ಲಿ ಇತ್ತು ನಿಜ. ಅದು ಮಾತು ಕೇಳುವವರದ್ದೆಂದು ನಾನು ತಿಳಿದಿದ್ದೆ, ಅಷ್ಟೇ. ಮೊನ್ನೆ ಶಿಕಾಗೋ ಮತ್ತು ಡೆಟ್ರಾಯಿಟ್ ತಂಡಗಳ ಆಟವಿತ್ತು. ಹಟ ತೊಟ್ಟು ಮೊದಲ ಕ್ವಾರ್ಟರ್ ಪೂರ್ತಿ ತುಟಿ ಬಿಚ್ಚದೆ ಕೂತೆ. ಸುಧಾ ಎರಡು ಸಲ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಈ ಸಾಧನೆಯನ್ನು ತಿಳಿಸಬೇಕೆಂದು ಅತ್ತೆಗೆ ಫೋನು ಹಚ್ಚಿದೆ. ಹೇಗೆ ಸುಮ್ಮನಿದ್ದೆ, ಎಲ್ಲೆಲ್ಲಿ ಮಾತು ಬಾಯಿಗೆ ಬಂದಿತ್ತು, ಆಗ ಏನು ಹೇಳಬೇಕೆಂದಿದ್ದೆ, ಅದನ್ನು ಹೇಗೆ ನುಂಗಿಕೊಂಡೆ ಎಂದೆಲ್ಲ ವಿವರವಾಗಿ ಹೇಳಿದೆ. ‘ಹೌದಾ’ ಎಂದರು. ಹುರುಪು ಬಂದು ಮುಂದುವರಿಸಿದೆ. ಬಹಳ ಹೊತ್ತಾದರೂ ಎರಡನೇ ‘ಹೌದಾ’ ಬರಲಿಲ್ಲವಲ್ಲ ಎಂದು ಕಿವಿಗೊಟ್ಟು ಕೇಳಿದರೆ, ಆ ಕಡೆಯಿಂದ ಗೊರಕೆ. ಅತ್ತೆ ಫೋನನ್ನು ಮಂಜುವಿನ ಕಿವಿಯ ಪಕ್ಕ ಇಟ್ಟು ಆಟ ನೋಡುತ್ತಿದ್ದರು.