ಗುರುವಾರದ ಸಾಲು, ಅಕ್ಕನ ಕಾಲು

ಕೊಪ್ಪದ ಒಂದು ಸಣ್ಣ ದತ್ತಿ ಆಸ್ಪತ್ರೆಯಲ್ಲಿ ನಾನು ಬಹಳ ವರ್ಷದಿಂದ ನರ್ಸ್. ದಿನಾ ಬೆಳಿಗ್ಗೆ ಶಾರದಾಂಬೆಯ ಪಟಕ್ಕೆ ದೀಪ ಹಚ್ಚಿ, "ತಾಯೀ, ಇವತ್ತೊಂದು ದಿನ ಎಡವಟ್ಟಾಗದ ಹಾಗೆ ನೋಡಿಕೋ" ಎಂದು ಕೈಮುಗಿದೇ ಹೊರಡುತ್ತೇನೆ. ಉಳಿದ ಬೇಡಿಕೆಗಳನ್ನೆಲ್ಲ ಆಕೆ ನಡೆಸಿಕೊಟ್ಟಿದ್ದಾಳೆ. ಇದೊಂದಕ್ಕೆ ಮಾತ್ರ ಕಿವಿ ಕೊಡುವುದಿಲ್ಲ. ಬಹುಶಃ ಆಕೆಗೂ ಸ್ವಲ್ಪ ನಗು ಬೇಕಿರುತ್ತದೆ. ಮಂಗಳಮುಖಿಯರಿಗಾಗಿ ಗುರುವಾರದ ಕ್ಲಿನಿಕ್ ಶುರುಮಾಡಿದ ಮೇಲಂತೂ ಆಕೆ ನಕ್ಕು ನಕ್ಕು ಸುಸ್ತಾಗಿರಬೇಕು.

೧. ಹಲ್ಲು ತೋರಿಸಲು ಹೋದವರು

ಶೃಂಗೇರಿಯಲ್ಲಿ ಒಂದು ದಿನ ಪ್ರಸಾದದ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿ ಹಸಿರು ಸೀರೆಯ ಒಬ್ಬ ಮಂಗಳಮುಖಿ. ಎನ್.ಆರ್.ಪುರದಲ್ಲಿ ಬಾಡಿಗೆ ಕೋಣೆಯಲ್ಲಿರುವವರು. ಬಡಿಸುವವರು ನನಗೂ ಅವರಿಗೂ ಒಂದೇ ಸೌಟಿನಲ್ಲಿ ಸಾರು ಬಡಿಸಿ ಮುಂದೆ ಹೋದರು. ನೀನು ಯಾರು, ಎಂತ ಎಂದು ಯಾರೂ ಕೇಳಲಿಲ್ಲ. ನನ್ನ ಕಣ್ಣು ಮಾತ್ರ ಅವರ ಬಲಗಾಲಿಗೆ ಹೋಯಿತು. ಹಳೇ ಬಟ್ಟೆ ಸುತ್ತಿ, ಒಳಗೆ ಹುಣ್ಣಿಗೆ ಕಾಫಿಪುಡಿ ಮೆತ್ತಿದ್ದರು.

"ಅಕ್ಕ, ಆಸ್ಪತ್ರೆಗೆ ತೋರಿಸ್ಲಿಲ್ವಾ?" ಎಂದೆ.

"ಆಸ್ಪತ್ರೆ ಸಾಕಮ್ಮ. ಹಿಂದೊಂದ್ಸಲ ಒಂದು ದೊಡ್ಡ ಊರಲ್ಲಿ ಹೋಗಿದ್ದೆ. ಗಂಡಸರ ಸಾಲಲ್ಲಿ ನಿಂತ್ರೆ ಹೆಂಗಸರ ಸಾಲಿಗೆ ಹೋಗು ಅಂದ್ರು. ಅಲ್ಲಿ ನಿಂತ್ರೆ ಇಲ್ಲಿಗೆ ಹೋಗು ಅಂದ್ರು. ಮಧ್ಯಾಹ್ನದ ತನಕ ಆಚೆ ಈಚೆ ತಿರುಗಿ ಕಾಲು ನೋವು ಬಂತು."

"ಅಯ್ಯೋ, ಕಾಲು ಆವಾಗಿಂದಲೇ ಹೀಗಾ?"

"ಇಲ್ಲ ಮಾರಾಯ್ತಿ. ನಾನು ಹೋಗಿದ್ದು ಹಲ್ಲು ತೋರಿಸಲಿಕ್ಕೆ."

೨. ಕಣ್ಣಿಳಿಸದ ಕಾವಲುಗಾರ

ಅನ್ನದ ಪಂಕ್ತಿಯಲ್ಲಿ ತಾಯಿ ಕೇಳದ ಪ್ರಶ್ನೆಯನ್ನು ಔಷಧದ ಸಾಲಿನಲ್ಲಿ ನಾವೇಕೆ ಕೇಳಬೇಕು ಎಂದು ನಮ್ಮ ಡಾಕ್ಟರ ಹತ್ತಿರ ಹಟ ಹಿಡಿದೆ. ಅವರು ಬಯಲುಸೀಮೆಯವರು, ದೇವರು ಅಂದರೆ ಮೂಗು ಮುರಿಯುವವರು, ಆದರೆ ಒಳ್ಳೆಯವರು. ಗುರುವಾರ ಮಧ್ಯಾಹ್ನ ಎಂದು ಗೊತ್ತುಮಾಡಿದರು. ಎಲ್ಲರಿಗೂ ಒಂದೇ ಸಾಲು. ಚೀಟಿಯಲ್ಲಿ "ಗಂಡು / ಹೆಣ್ಣು" ಎಂದಿದ್ದ ಜಾಗಕ್ಕೆ ಬಿಳಿ ಕಾಗದ ಅಂಟಿಸಿದೆವು. ಹೇಗೆ ಕರೆಯಬೇಕೆಂದು ಅವರು ಹೇಳುತ್ತಾರೋ ಅದೇ ಹೆಸರು. ಸಿಬ್ಬಂದಿಗೆ ಡಾಕ್ಟರ್ ಒಂದು ಗಂಟೆ ಪಾಠ ಮಾಡಿದರು: ದುರುಗುಟ್ಟಿ ನೋಡಬಾರದು, ಬೇಡದ್ದು ಕೇಳಬಾರದು.

ಮೊದಲ ಗುರುವಾರ ಅಕ್ಕ ಕುಂಟುತ್ತ ಬಂದರು. ಬಾಗಿಲ ಕಾವಲುಗಾರ ದುರುಗುಟ್ಟಬಾರದೆಂದು ಚಾವಣಿ ನೋಡುತ್ತ ನಿಂತ. ಚೀಟಿ ಬರೆಯುವವಳಿಗೆ ಯಾವೂರು, ಯಾರ ಮನೆ ಎಂದು ಕೇಳದೆ ಯಾರಿಗೂ ಚೀಟಿ ಬರೆದು ಅಭ್ಯಾಸವಿಲ್ಲ. ಪಾಪ, ತುಟಿ ಕಚ್ಚಿಕೊಂಡು ಎಂತ ಕಾಯಿಲೆ ಅಂತಲೂ ಕೇಳಲಿಲ್ಲ.

ಅಕ್ಕ ಇಬ್ಬರನ್ನೂ ನೋಡಿ ನನಗೆ ಹೇಳಿದರು: "ಸಿಸ್ಟರ್, ಇವರಿಗೆ ಕುತ್ತಿಗೆ ಹಿಡಿದಿದೆ, ಆ ಹುಡುಗಿಗೆ ಬಾಯಿ ಕಟ್ಟಿದೆ. ಮೊದಲು ಅವರನ್ನ ಒಳಗೆ ಕಳಿಸಿ, ನಂದು ನಿಧಾನಕ್ಕೆ ಆಗ್ತದೆ."

ನಿಧಾನ ಮಾಡುವ ಹಾಗಿರಲಿಲ್ಲ. ಸಕ್ಕರೆ ಕಾಯಿಲೆ ಏರಿ ಕೂತಿತ್ತು. "ಶುಗರ್ ಇಳಿಯದಿದ್ದರೆ ಕಾಲಿನ ಬೆರಳು ತೆಗೀಬೇಕಾಗ್ತದೆ. ಬೆರಳಿಗೇ ನಿಲ್ಲುತ್ತೆ ಅಂತ ಹೇಳಲಾರೆ" ಎಂದರು ಡಾಕ್ಟರ್. ಅಕ್ಕನ ಜೊತೆ ಬಂದಿದ್ದ ಆರು ಮಂದಿ ಮಂಗಳಮುಖಿಯರು ಗೇಟಿನ ಹೊರಗೇ ನಿಂತಿದ್ದರು. ಒಳಗೆ ಕರೆದರೆ, "ಮೊದಲು ಅವಳ ಕಾಲು ಉಳಿಸಿ, ಆಮೇಲೆ ನಾವು ಬರೋದು" ಎಂದುಬಿಟ್ಟರು.

೩. ಆಶೀರ್ವಾದದ ಗಿರಾಕಿಗಳು

ಮೂರನೇ ಗುರುವಾರ ಡಾಕ್ಟರ್ ಬಾಗಿಲು ತೆಗೆದು ನೋಡಿದರೆ ಪಡಸಾಲೆ ತುಂಬ ಜನ. ಅವರ ಮುಖ ಅರಳಿತು.

"ನೋಡಿ ಸಿಸ್ಟರ್, ನಮ್ಮ ಸೇವೆ ಜನರಿಗೆ ತಲುಪಿತು. ಎಲ್ಲ ಪೇಷೆಂಟಾ?"

"ಅಲ್ಲ ಡಾಕ್ಟ್ರೇ, ಆಶೀರ್ವಾದಕ್ಕೆ ಬಂದವರು."

ಮಂಗಳಮುಖಿಯರು ತಲೆ ಮುಟ್ಟಿ ಹರಸಿದರೆ ಒಳ್ಳೆಯದಾಗುತ್ತದೆಂದು ಜನರ ನಂಬಿಕೆ. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋಗುವವರು, ಹೊಸ ಅಂಗಡಿ ಹಾಕುವಾಗ ಮಾತ್ರ ಹುಡುಕಿಕೊಂಡು ಬರುತ್ತಾರೆ. ಈಗ ಗುರುವಾರ ಇಲ್ಲೇ ಸಿಗುತ್ತಾರೆಂದು ಪೇಟೆಗೆಲ್ಲ ಗೊತ್ತಾಗಿತ್ತು. ಕೈಗೂಸುಗಳು, ಮದುವೆ ಕಾಗದಗಳು, ಮೆಟ್ಟಿಲ ಬುಡದಲ್ಲಿ ಲಿಂಬೆಹಣ್ಣಿನ ಸಮೇತ ಹೊಸ ಸ್ಕೂಟರ್.

"ಹಾಗಾದ್ರೆ ಪೇಷೆಂಟ್ ಎಲ್ಲಿ?"

ಪೇಷೆಂಟು ಬೆಂಚಿನ ಮೇಲೆ ಕೂತು, ಹುಣ್ಣಿನ ಕಾಲನ್ನು ಸ್ಟೂಲಿನ ಮೇಲಿಟ್ಟು, ಒಬ್ಬೊಬ್ಬರ ತಲೆ ಮೇಲೂ ಕೈಯಿಡುತ್ತಿದ್ದರು. ಡಾಕ್ಟರನ್ನು ಕಂಡು, "ನೀವೂ ಸಾಲಲ್ಲಿ ಬನ್ನಿ ಡಾಕ್ಟ್ರೇ, ಇಲ್ಲಿ ಎಲ್ಲರಿಗೂ ಒಂದೇ ಸಾಲಂತೆ" ಎಂದರು.

ಡಾಕ್ಟರಿಗೆ ಸಿಟ್ಟು ಬಂತು, ಹಿಂದೆಯೇ ಉಪಾಯವೂ ಬಂತು. ಆಶೀರ್ವಾದ ಬೇಕಾದವರು ಮೊದಲು ಬಿ.ಪಿ. ನೋಡಿಸಿಕೊಳ್ಳಬೇಕು ಎಂದು ಕಾನೂನು ಮಾಡಿದರು. ಸ್ಕೂಟರಿನ ಯಜಮಾನನಿಗೆ ಬಿ.ಪಿ. ಜೋರಾಗಿಯೇ ಇತ್ತು. ಮಾತ್ರೆ ಬರೆಯುವಾಗ ಆತ ಮೆಲ್ಲಗೆ ಕೇಳಿದ: "ಡಾಕ್ಟ್ರೇ, ಆಶೀರ್ವಾದ ಆದ ಮೇಲೆ ಇನ್ನೊಂದ್ಸಲ ನೋಡಿ. ಇಳಿದಿರಬಹುದು."

೪. ತಾಯಿಗೂ ಪಥ್ಯ

ಇದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಅಕ್ಕನ ಸಕ್ಕರೆ ಇಳಿಯಲೇ ಇಲ್ಲ. ಡಾಕ್ಟರ್ ಮಾತ್ರೆ ಬದಲಿಸಿದರು, ಹೆಚ್ಚಿಸಿದರು, ಗ್ಲುಕೋಮೀಟರನ್ನೇ ಬದಲಿಸಿದರು. ಪ್ರತಿ ಗುರುವಾರವೂ ಅಂಕಿ ಮೇಲೆಯೇ. ಬೆರಳಿನ ಮಾತು ಮತ್ತೆ ಎದ್ದಿತು. ನಾನು ದೇವರ ಮುಂದೆ ಕೂತು ಅತ್ತೆ.

ಕೊನೆಗೆ ಡಾಕ್ಟರ್ ಅಕ್ಕನನ್ನು ಕೂರಿಸಿ ಕೇಳಿದರು: "ನಿಜ ಹೇಳಿ, ಸಿಹಿ ಎಂತ ತಿಂತೀರಿ?"

"ದೇವರಾಣೆ ಏನೂ ಇಲ್ಲ. ಇಲ್ಲಿಗೆ ಬಂದ ಕೂಡಲೇ ಸಿಸ್ಟರ್ ಕೊಡೋ ಪ್ರಸಾದ ಅಷ್ಟೇ. ಬೇಡ ಅನ್ನೋಕಾಗ್ತದಾ?"

ಗುರುವಾರದ ಪೂಜೆಯ ಪಂಚಕಜ್ಜಾಯ ಅದು. ತುಪ್ಪ, ಬೆಲ್ಲ, ಕೊಬ್ಬರಿ ಹಾಕಿ ಕಲಸಿದ್ದು. ಅಕ್ಕ ಬಡವಾಗಿದ್ದಾರೆಂದು ಎರಡು ಮುಷ್ಟಿ ಜಾಸ್ತಿ ಕೊಡುತ್ತಿದ್ದೆ. ಕೊಟ್ಟ ಕೈಯಿಂದಲೇ ಬೆರಳು ಚುಚ್ಚಿ ರಕ್ತ ನೋಡುತ್ತಿದ್ದವಳೂ ನಾನೇ. ಡಾಕ್ಟರ್ ಎದ್ದು ನಿಂತರು. ಕೈಮುಗಿದರು. ದೇವರಿಗಲ್ಲ, ನನಗೆ.

ಮುಂದಿನ ಗುರುವಾರ ತಾಯಿಗೆ ಸೌತೆಕಾಯಿ ಹೋಳು ನೈವೇದ್ಯವಾಯಿತು. ಆಕೆ ತಕರಾರು ಮಾಡಲಿಲ್ಲ. ಕೈಯೊಡ್ಡಿ ನಿಂತಿದ್ದ ಕಾವಲುಗಾರ ಮಾಡಿದ: "ಇದೆಂತ ಅಮ್ಮ, ದೇವಿಗೂ ಶುಗರ್ ಬಂತಾ?"

೫. ಕಾಲು ಒಂದೇ

ಸೌತೆಕಾಯಿಯ ಮಹಿಮೆಯೋ, ಮಾತ್ರೆಯದೋ, ತಾಯಿಗೇ ಗೊತ್ತು. ಸಕ್ಕರೆ ಇಳಿಯಿತು. ತಿಂಗಳುಗಳ ಮೇಲೆ ಒಂದು ಗುರುವಾರ ಡಾಕ್ಟರ್ ಪಟ್ಟಿ ಬಿಚ್ಚಿದರೆ, ಹುಣ್ಣಿದ್ದ ಕಡೆ ತೆಳ್ಳಗೆ ಹೊಸ ಚರ್ಮ. ಗೇಟಿನ ಹೊರಗಿನ ಆರು ಮಂದಿಯೂ ಬಾಗಿಲ ತನಕ ಬಂದು ಇಣುಕುತ್ತಿದ್ದರು. ಅಕ್ಕ ತಮ್ಮ ಕಾಲನ್ನು ತಾವೇ ಮುಟ್ಟಿ ನೋಡಿಕೊಂಡರು.

ನನಗೆ ತಡೆಯಲಾಗಲಿಲ್ಲ. "ಅಕ್ಕ, ಹರಕೆ ಹೊತ್ತಿದ್ದೆ. ಕಾಲು ಉಳಿದ್ರೆ ಶೃಂಗೇರಿಗೆ ನಡೆಸಿಕೊಂಡು ಬರ್ತೇನೆ ಅಂತ."

"ಯಾರನ್ನ?"

"ನಿಮ್ಮನ್ನ."

ಚೀಟಿ ಬರೆಯುವವಳು ತಲೆ ತಗ್ಗಿಸಿದಳು. "ನಾನೂ ಎನ್.ಆರ್.ಪುರದಲ್ಲಿ ನಮ್ಮ ಚರ್ಚಿಗೆ ಹೇಳ್ಕೊಂಡಿದ್ದೆ ಅಕ್ಕ. ನೀವು ನಡೆದೇ ಬರ್ತೀರಿ ಅಂತ."

ಕಾವಲುಗಾರ ಮತ್ತೆ ಚಾವಣಿ ನೋಡತೊಡಗಿದ. "ಕಿಗ್ಗದ ದೇವರಿಗೆ ನಂದೊಂದಿದೆ. ಬರಿಗಾಲಲ್ಲಿ."

ಡಾಕ್ಟರ್ ಕೆಂಪಾದರು. "ನಿಮಗೆ ಬುದ್ಧಿ ಇದೆಯಾ? ಕಾಲು ಅವರದ್ದು, ಹರಕೆ ನಿಮ್ಮದಾ? ಇನ್ನು ಇವರು ಬರಿಗಾಲಲ್ಲಿ ಅಂಗಳಕ್ಕೂ ಇಳಿಯೋ ಹಾಗಿಲ್ಲ." ಡಾಕ್ಟರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೂ ಒರೆಸಿದರು. ಆಮೇಲೆ ಯಾರನ್ನೂ ನೋಡದೆ ಹೇಳಿದರು: "ಮೇಗುಂದದ ದಾರಿಯಲ್ಲೊಂದು ಚೌಡಿ ಕಲ್ಲಿದೆಯಲ್ಲ... ಒಂದಿನ ಬೈಕ್ ನಿಲ್ಲಿಸಿ ಹೇಳಿಬಿಟ್ಟೆ."

"ನಡಕೊಂಡಾ?" ಎಂದರು ಅಕ್ಕ.

"ನಡಕೊಂಡೇ."

ಅಕ್ಕ ಬಾಗಿಲ ಕಡೆ ತಿರುಗಿದರು. "ಬನ್ರೇ ಒಳಗೆ, ಹೆದರಬೇಡಿ. ಔಷಧಿ ಒಳ್ಳೇದು, ಜನ ಒಳ್ಳೆಯವರು. ಹರಕೆ ಮಾತ್ರ ನಮ್ಮನ್ನ ಕೇಳಿ ಹೊರಬೇಕು ಅಂತ ಚೀಟಿಯಲ್ಲೇ ಬರೆಸಿಬಿಡಿ."

ಚೀಟಿ ಬರೆಯುವವಳು ಹೇಳಿದ್ದನ್ನು ಚಾಚೂತಪ್ಪದೆ ಮಾಡುವವಳು. "ಗಂಡು / ಹೆಣ್ಣು" ಜಾಗಕ್ಕೆ ಅಂಟಿಸಿದ್ದ ಬಿಳಿ ಕಾಗದದ ಮೇಲೆ ದುಂಡಗೆ ಬರೆದಳು: "ಹರಕೆ: ಬೇಕು / ಬೇಡ."

ಆವತ್ತು ಒಳಗೆ ಬಂದ ಆರೂ ಮಂದಿ "ಬೇಡ" ಎಂದೇ ಬರೆಸಿದರು. ತಾಯಿ ಕ್ಷಮಿಸಲಿ, ಆರಕ್ಕೂ ನಾನು ಒಳಗೊಳಗೇ ಹೊತ್ತುಬಿಟ್ಟೆ. ಈ ಸಲ ನಡೆಯುವವಳು ನಾನೇ ಎಂದು ತಾಯಿಗೆ ಸ್ಪಷ್ಟವಾಗಿ ಹೇಳಿದ್ದೇನೆ. ಗುಟ್ಟು ಹೇಗೋ ತಿಳಿದ ಅಕ್ಕ ಬಸ್ಸಿನಲ್ಲಿ ಮುಂದೆ ಹೋಗಿ, ಶೃಂಗೇರಿಯ ಊಟದ ಪಂಕ್ತಿಯಲ್ಲಿ ನನಗೆ ಜಾಗ ಹಿಡಿದಿಡುತ್ತಾರಂತೆ.