ಮೂರನೆಯ ಸಾಲನ್ನು ಕೈಬಿಟ್ಟ ಬೂಟ್ ಮೆನುವಿಗೆ

ಗುಂಡಿ ಒತ್ತಿದೊಡನೆ ಎಲ್ಲರಿಗಿಂತ ಮೊದಲು ದರ್ಶನ ಕೊಡುವ, ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಬೇಕಾದಷ್ಟೇ ಮಾತಾಡುವ, ನಮ್ಮ ಮನೆಯ ಕಂಪ್ಯೂಟರಿನ ಹೊಸ್ತಿಲು ಕಾಯುವ ಬೂಟ್ ಮೆನು ಅವರ ಸನ್ನಿಧಿಗೆ, ನಡುಮನೆಯ ಮೂಲೆಯ ಮೇಜಿನಿಂದ, ಕೈಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

'ಹೆಸರು ಹಿಡಿದು ಕರೆದರೆ ಕಲ್ಲೂ ಓಗೊಟ್ಟೀತು' ಎಂಬ ಸಾಲೊಂದನ್ನು ಎಲ್ಲೋ ಓದಿದ ನೆನಪು. 'ಕಲ್ಲೂ' ಎಂದಿತ್ತೋ 'ಕಾಡೂ' ಎಂದಿತ್ತೋ ಈಗ ಖಚಿತವಿಲ್ಲ. ಬರೆದವರು ಯಾರೆಂಬುದಂತೂ ಮರೆತೇಹೋಗಿದೆ. ಕಳೆದ ಭಾನುವಾರದವರೆಗೆ ಆ ಸಾಲನ್ನು ನಾನು ನಂಬಿಕೊಂಡೇ ಬದುಕಿದ್ದೆ. ಈಗ ಮಾತ್ರ ಅದನ್ನು ಬರೆದವರನ್ನು ಹುಡುಕಿ ಒಂದು ಮಾತು ಕೇಳಬೇಕೆನ್ನಿಸುತ್ತದೆ: ಸ್ವಾಮಿ, ಕರೆಯಬೇಕಾದ ಹೆಸರನ್ನೇ ಬಾಗಿಲಲ್ಲಿ ಕುಳಿತವರು ಪಟ್ಟಿಯಿಂದ ಬಿಟ್ಟಿದ್ದರೆ, ಕರೆಯುವುದು ಯಾರನ್ನು?

ತಮ್ಮ ಹಿರಿಮೆಯನ್ನು ಅರಿಯದ ಓದುಗರಿಗಾಗಿ ಸ್ವಲ್ಪ ವಿವರಿಸಲು ಅಪ್ಪಣೆಯಾಗಲಿ. ನಮ್ಮ ಕಂಪ್ಯೂಟರು ಹೊರಗಿನಿಂದ ಒಂದು, ಒಳಗೆ ಮೂರು ಸಂಸಾರ. ಒಂದೇ ಡಿಸ್ಕಿನಲ್ಲಿ ಗೋಡೆ ಎಬ್ಬಿಸಿ ಮೂರು ಪಾಲು ಮಾಡಿ, ಒಂದೊಂದರಲ್ಲಿ ಒಂದೊಂದು ಆಪರೇಟಿಂಗ್ ವ್ಯವಸ್ಥೆಯನ್ನು ಕೂರಿಸಲಾಗಿದೆ. ಮೊದಲನೆಯದು ನನ್ನ ಮೈದುನನದು. ಕಟ್ಟಡಗಳ ನಕ್ಷೆ ಬರೆಯುವುದು ಅವನ ಕಸುಬು, ಆ ನಕ್ಷೆಗಳೆಲ್ಲ ಅಲ್ಲಿವೆ. ಎರಡನೆಯದನ್ನು ಅವನೇ ಆರು ವರ್ಷದ ಹಿಂದೆ ಹುಮ್ಮಸ್ಸಿನಲ್ಲಿ ಹಾಕಿ, ಹುಮ್ಮಸ್ಸು ಇಳಿದ ಮೇಲೆ ಮರೆತ. ಆದರೂ ತಮ್ಮ ಪಟ್ಟಿಯನ್ನು ಬರೆಯುವ ಅಧಿಕಾರವಿರುವುದು ಅದಕ್ಕೇ. ಮೂರನೆಯದು ನನ್ನದು, ಎಲ್ಲಕ್ಕಿಂತ ಚಿಕ್ಕದು. ಯಾರು ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂದು ಪ್ರತಿಸಲವೂ ಮೂರು ಸಾಲು ತೋರಿಸಿ ಕೇಳುವವರು ತಾವು. ಹತ್ತು ಸೆಕೆಂಡು ಕಾಯುತ್ತೀರಿ. ಅಷ್ಟರಲ್ಲಿ ಕನ್ನಡಕ ಸಿಗದಿದ್ದರೆ ತಾವೇ ಮೈದುನನ ಬಾಗಿಲನ್ನು ತೆರೆದುಬಿಡುತ್ತೀರಿ.

ನನ್ನ ಪಾಲಿನಲ್ಲಿ ಇದ್ದದ್ದು ನನ್ನದಲ್ಲ, ಪಕ್ಕದ ಮನೆಯ ನರ್ಸಮ್ಮನದು. ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನಿಂತು ದುಡಿದ ಅವರು, ಎರಡು ವರ್ಷಗಳಿಂದ ದಿನವೂ ಸಂಜೆ ನಾಲ್ಕರಿಂದ ಐದರವರೆಗೆ ನಮ್ಮ ಬೆತ್ತದ ಕುರ್ಚಿಯಲ್ಲಿ ಕುಳಿತು ತಮ್ಮ ನೆನಪುಗಳನ್ನು ಹೇಳುತ್ತ ಬಂದಿದ್ದಾರೆ, ನಾನು ಬೆರಳಚ್ಚಿಸುತ್ತ ಬಂದಿದ್ದೇನೆ. ಹೆರಿಗೆ ಮುಗಿಯಿತೆಂದು ಕೈಗವಸು ಬಿಚ್ಚುತ್ತಿದ್ದ ಡಾಕ್ಟರನ್ನು ತಡೆದು "ಇರಿ ಸಾರ್, ಇನ್ನೊಬ್ರು ಬರೋರಿದ್ದಾರೆ" ಎಂದು ಅವರು ಅವಳಿಯಲ್ಲಿ ಎರಡನೆಯದನ್ನು ಎತ್ತಿಕೊಂಡ ಕಥೆಯೂ ಸೇರಿ ನೂರ ಎಂಬತ್ತೆಂಟು ಪುಟ. ಬರುವ ಸೋಮವಾರ ಅವರ ಕಣ್ಣಿನ ಆಪರೇಷನ್. ಒಂದು ಕಣ್ಣು ಆಗಲೇ ಮಸುಕಾಗಿದೆ. ಪೊರೆ ಬಂದಿರುವ ಇನ್ನೊಂದಕ್ಕೆ ಕತ್ತರಿ ತಾಕುವ ಮೊದಲು ಎಲ್ಲವನ್ನೂ ದಪ್ಪಕ್ಷರದಲ್ಲಿ ಒಮ್ಮೆ ಸ್ವತಃ ಓದಬೇಕೆಂಬುದು ಅವರ ಆಸೆ. ಬೇರೆ ಕಡೆ ಒಂದು ನಕಲು ಇಟ್ಟುಕೊಳ್ಳಬೇಕಿತ್ತಲ್ಲವೇ ಎಂದು ಕೇಳಲು ಬಾಯಿ ತೆರೆದವರು ದಯವಿಟ್ಟು ಮುಚ್ಚಿಕೊಳ್ಳಿ. ಆ ಪ್ರಶ್ನೆಯನ್ನು ಈ ವಾರ ಮನೆಯ ಎಲ್ಲರೂ ಕೇಳಿಯಾಗಿದೆ.

ಭಾನುವಾರ ಬೆಳಗ್ಗೆ ಮೈದುನನ ನಕ್ಷೆಗಳಿಗೆ ಜಾಗ ಸಾಲದಾಯಿತು. "ಅತ್ತಿಗೆ, ನಿಮ್ಮದನ್ನ ಒಂದು ಗಳಿಗೆ ಎತ್ತಿ ಪಕ್ಕಕ್ಕಿಡ್ತೀನಿ, ಗೋಡೆ ಸ್ವಲ್ಪ ಸರಿಸಿ ಮತ್ತೆ ಒಳಗಿಡ್ತೀನಿ, ನಿಮಗೆ ಗೊತ್ತೂ ಆಗಲ್ಲ" ಎಂದ. ಕಾಗದದ ಮೇಲೆ ಗೋಡೆ ಸರಿಸಿ ಅಭ್ಯಾಸವಿರುವವನು; ಸರಿಸಿದ. ನನ್ನ ಪಾಲನ್ನು ಹೊರಗಿನ ಡಿಸ್ಕಿಗೆ ಎತ್ತಿಟ್ಟ, ತನ್ನದನ್ನು ಹಿಗ್ಗಿಸಿದ, ಎರಡನೆಯದರೊಳಗೆ ಹೋಗಿ ತಮ್ಮ ಪಟ್ಟಿಯನ್ನು ಹೊಸದಾಗಿ ಬರೆಸಿದ, ಕಾಫಿ ಕುಡಿದ, ಆಮೇಲೆ ನನ್ನದನ್ನು ತಂದು ಉಳಿದ ಸಂದಿಯಲ್ಲಿ ಇಟ್ಟ. ಹೊರಗಿನ ಡಿಸ್ಕನ್ನು ಒರೆಸಿ ಅದರಲ್ಲೂ ನಕ್ಷೆ ತುಂಬಿದ. ಸಂಜೆ ನಾಲ್ಕಕ್ಕೆ ನರ್ಸಮ್ಮ ಬಂದು ಕುಳಿತರು, ನಾನು ಗುಂಡಿ ಒತ್ತಿದೆ, ತಾವು ದರ್ಶನ ಕೊಟ್ಟಿರಿ. ಎರಡೇ ಸಾಲು.

ತಮ್ಮ ಮುಖದಲ್ಲಿ ಸಂಕೋಚದ ಗೆರೆ ಒಂದೂ ಇರಲಿಲ್ಲ ಎಂಬುದನ್ನು ಮೆಚ್ಚಲೇಬೇಕು. ನಾವು ಮನುಷ್ಯರು ಯಾರನ್ನಾದರೂ ಮರೆತರೆ ತಡವರಿಸುತ್ತೇವೆ, ತಲೆ ಕೆರೆದುಕೊಳ್ಳುತ್ತೇವೆ, ಆ ಮನೆಯ ಮುಂದೆ ನಡೆಯುವಾಗ ಹೆಜ್ಜೆ ಚುರುಕು ಮಾಡುತ್ತೇವೆ. ತಾವೋ, ಮೂರನೆಯದು ಎಂಬುದು ಲೋಕದಲ್ಲಿ ಹುಟ್ಟಿಯೇ ಇರಲಿಲ್ಲ ಎಂಬಷ್ಟು ಸಮಾಧಾನದಿಂದ ಹತ್ತರಿಂದ ಒಂದರವರೆಗೆ ಎಣಿಸಿದಿರಿ. ಇಂಥ ನಿರ್ಲಿಪ್ತತೆಯನ್ನು ಸಾಧಿಸಲು ತಪಸ್ವಿಗಳು ಊಟ ಬಿಟ್ಟಿದ್ದಾರೆ.

ಮೈದುನ ಮೊದಲನೆಯದರೊಳಗಿಂದ ಇಣುಕಿದ. ಅಲ್ಲಿನ ವ್ಯವಸ್ಥೆಗೆ ನನ್ನ ಪಾಲಿನ ಭಾಷೆ ಬರುವುದಿಲ್ಲ. ಅದು 'ಈ ಜಾಗವನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ?' ಎಂದು ವಿನಯದಿಂದ ಕೇಳಿತು. ಓದಲು ಬಾರದ ಪುಸ್ತಕವನ್ನು ಒಲೆಗೆ ಹಾಕಲೇ ಎಂದು ಕೇಳುವ ಈ ಸೌಜನ್ಯಕ್ಕೆ ಮೈದುನ ಮಾರುಹೋದ. "ನಕಲು ಕೆಟ್ಟಿದೆ ಅನ್ಸತ್ತೆ ಅತ್ತಿಗೆ. ಹೋದದ್ದು ಹೋಯ್ತು, ಬರೋ ಶನಿವಾರ ಆ ಜಾಗನೂ ನಂದಕ್ಕೇ ಸೇರಿಸ್ಕೊಂಡ್ಬಿಡ್ಲಾ?" ಎಂದ. ಕಂಪ್ಯೂಟರ್ ಅಂಗಡಿಯವರು ಫೋನಿನಲ್ಲಿ, ನನ್ನ ವಾಕ್ಯ ಮುಗಿಯುವ ಮೊದಲೇ, "ಫಾರ್ಮ್ಯಾಟ್ ಹೊಡೀಬೇಕು ಮೇಡಂ" ಎಂದರು. ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಿ, "ಇನ್ನೊಂದ್ಸಲ ಹೇಳಿ ಅಂತ ನರ್ಸಮ್ಮನನ್ನೇ ಕೇಳಿದ್ರಾಯ್ತಪ್ಪ" ಎಂದರು. ಹೆತ್ತವಳಿಗೆ ಅದನ್ನೇ ಇನ್ನೊಂದು ಸಲ ಹೆರು ಎನ್ನುವುದು ಗಂಡಸರಿಗೆ ಎಷ್ಟು ಸಲೀಸು! ನರ್ಸಮ್ಮ ಮಾತ್ರ "ಹೋದ್ರೆ ಹೋಗ್ಲಿ ಬಿಡಮ್ಮ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಆ ಒಳ್ಳೆಯತನವೇ ನನ್ನನ್ನು ಹೆಚ್ಚು ಚುಚ್ಚಿತು.

ಮೂರು ದಿನ ತಮ್ಮೆದುರು ಕುಳಿತೆ. ಯಂತ್ರವನ್ನು ಆರಿಸಿ ಹೊತ್ತಿಸಿದೆ, ಆರಿಸಿ ಹೊತ್ತಿಸಿದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ಗುಮಾಸ್ತರ ಮನಸ್ಸು ಕರಗುತ್ತದೆ ಎಂಬ ಹಳೆಯ ಅನುಭವ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಬುಧವಾರ ಮಧ್ಯಾಹ್ನ, ಮಾಡಲು ಬೇರೇನೂ ತೋಚದೆ, ಯಾರೂ ಕಾಲಿಡದ ಎರಡನೆಯ ಸಾಲನ್ನು ಒತ್ತಿದೆ. ಪಾಸ್‌ವರ್ಡು ಮೈದುನನೇ ಮಾನಿಟರಿನ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿತ್ತು. ಒಳಗೆ ಹೋಗಿ ಕಡತಗಳ ಕಿಟಕಿ ತೆರೆದರೆ, ಎಡಬದಿಯಲ್ಲಿ, ಏನೂ ಆಗಿಲ್ಲವೆಂಬಂತೆ, ನನ್ನ ಪಾಲು. ಅದರೊಳಗೆ ನರ್ಸಮ್ಮ. ನೂರ ಎಂಬತ್ತೆಂಟನೆಯ ಪುಟ, ಶನಿವಾರ ಐದು ಗಂಟೆಗೆ ನಿಲ್ಲಿಸಿದ ಅರ್ಧ ವಾಕ್ಯದ ಸಮೇತ.

ಆಗ ತಮ್ಮ ಪಟ್ಟಿಯ ಕಡತ ಬರೆದ ಸಮಯ ನೋಡಿದೆ: ಭಾನುವಾರ ಬೆಳಗ್ಗೆ ಹನ್ನೊಂದು ಇಪ್ಪತ್ತು. ನನ್ನ ಪಾಲು ಮರಳಿ ಒಳಗೆ ಬಂದದ್ದು ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ. ಅಂದರೆ, ಜನಗಣತಿಯವರು ಬಂದ ಹೊತ್ತಿಗೆ ಮನೆಯಾಕೆ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಳು. ಅವರು ಅವಳನ್ನು ಬಿಟ್ಟು ಲೆಕ್ಕ ಬರೆದುಕೊಂಡು ಹೋದರು. ಅವಳು ಇಳಿದು ಬಂದು ಅಡುಗೆ ಮಾಡಿ ಬಡಿಸಿದರೂ ಮನೆಯವರು ಪಟ್ಟಿ ನೋಡಿ 'ಇವಳು ತೀರಿಕೊಂಡಿದ್ದಾಳೆ' ಎನ್ನುತ್ತ ಉಂಡೆದ್ದರು. ಮೈದುನನ ತಪ್ಪು ಇಷ್ಟೆ, ಕೆಲಸದ ಹಿಂದುಮುಂದು. ತಮ್ಮದು ಇನ್ನೂ ಚಿಕ್ಕದು: ಆಮೇಲೆ ಒಮ್ಮೆಯೂ ತಲೆ ತಿರುಗಿಸಿ ನೋಡಲಿಲ್ಲ.

ಪಟ್ಟಿಯನ್ನು ಹೊಸದಾಗಿ ಬರೆ ಎನ್ನುವ ಆಜ್ಞೆ ಒಂದೇ ಸಾಲು. ಬೆರಳಚ್ಚಿಸಿದೆ. 'ಇಲ್ಲೊಂದು ಸಿಕ್ಕಿದೆ' ಎಂದು ಯಂತ್ರ ತಾನೇ ಕಂಡುಹಿಡಿದಂತೆ ಸಾರಿತು. ಹನ್ನೊಂದು ಸೆಕೆಂಡು ಹಿಡಿಯಿತು. ಮೂರು ದಿನ ಮನೆಯಲ್ಲಿ ಸೂತಕ ಹಿಡಿಸಿದ ಘಟನೆಗೆ ಇಷ್ಟು ಅಗ್ಗದ ಪರಿಹಾರವಿದ್ದದ್ದಕ್ಕೆ ಸಂತೋಷಪಡಬೇಕೋ ಅವಮಾನಪಡಬೇಕೋ ಇನ್ನೂ ತೀರ್ಮಾನಿಸಿಲ್ಲ.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ತಾವು ದಿನಕ್ಕೊಮ್ಮೆಯಾದರೂ ಹೊಸ್ತಿಲು ಬಿಟ್ಟೆದ್ದು, ಮೊಣಕಾಲು ನೋವಿದ್ದರೆ ಕೋಲು ಹಿಡಿದು, ಮನೆಯನ್ನು ಒಂದು ಸುತ್ತು ಹಾಕಿ ಪ್ರತಿ ಬಾಗಿಲನ್ನೂ ತಟ್ಟತಕ್ಕದ್ದು. ಒಳಗಿನಿಂದ ಕೆಮ್ಮು ಕೇಳಿದರೂ ಸಾಕು, ಹೆಸರು ಬರೆದುಕೊಳ್ಳತಕ್ಕದ್ದು. ಫಾರ್ಮ್ಯಾಟ್ ಮಾಡಲೇ ಎಂದು ಕೇಳುವ ಆ ವಿನಯವಂತರಿಗೆ, ಕೇಳುವ ಮೊದಲು ಅಲ್ಲಿರುವುದರಲ್ಲಿ ಒಂದು ಪುಟವನ್ನು ಗಟ್ಟಿಯಾಗಿ ಓದಿ ಹೇಳಬೇಕೆಂದು ತಾವೇ ಬುದ್ಧಿ ಹೇಳಿ. ಹತ್ತು ಸೆಕೆಂಡಿನ ಗಡುವನ್ನು, ಕನ್ನಡಕ ಹುಡುಕುವವರ ವಯಸ್ಸು ನೋಡಿ ನಿಗದಿ ಮಾಡಿ. ಇನ್ನೂ ಒಂದಿದೆ, ಮುಜುಗರದಿಂದಲೇ ಕೇಳುತ್ತೇನೆ: ಕಾಯುವವರು ಸುಸ್ತಾದಾಗ ತಾನಾಗಿ ತೆರೆದುಕೊಳ್ಳುವ ಬಾಗಿಲು ಯಾವಾಗಲೂ ಮೈದುನನದೇ ಏಕೆ?

ಇವುಗಳಲ್ಲಿ ಒಂದನ್ನೂ ತಾವು ಈಡೇರಿಸುವುದಿಲ್ಲ ಎಂಬ ಪೂರ್ಣ ಭರವಸೆಯೊಂದಿಗೆ,

ತಮ್ಮ ವಿಶ್ವಾಸಿ (ಈಗ ಎರಡು ನಕಲು ಇಟ್ಟುಕೊಂಡಿರುವವಳು),
ಮೂರನೆಯ ಸಾಲಿನ ನಿವಾಸಿ

ಮರೆತ ಮಾತು: ತಮ್ಮನ್ನು ಬೈಯಲು ಇನ್ನೂ ಒಂದು ಪುಟ ಮೀಸಲಿಟ್ಟಿದ್ದೆ, ಅದರಿಂದ ತಾವು ಪಾರಾದಿರಿ. ಅಷ್ಟರಲ್ಲಿ ನರ್ಸಮ್ಮ ಬಾಗಿಲಿಗೆ ಬಂದರು. ಸಿಕ್ಕಿತು, ಒಂದಕ್ಷರವೂ ಹೋಗಿಲ್ಲ, ಕೂತು ಓದಿ ಎಂದು ನಾನು ಹಿಗ್ಗಿನಿಂದ ಹೇಳಿದೆ. ಅವರು ಚಪ್ಪಲಿ ಬಿಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಹೇಳಿದರು: "ಹೋಯ್ತು ಅಂದಾಗ ಮೂರು ದಿನ ಹಾಯಾಗಿದ್ದೆ ಕಣಮ್ಮ. ಬೇಕು ಅಂತಲೇ ಒಂದು ಮಗು ವಿಷಯ ನಾನು ಬರೆಸಿಲ್ಲ; ಪುಸ್ತಕವೇ ಇಲ್ಲ ಅಂದ್ರೆ ಅದನ್ನ ಬಿಟ್ಟಿದ್ದೂ ಇಲ್ಲ ಅಂದ್ಕೊಂಡೆ. ಓದೋದು ಆಮೇಲೆ, ಮೊದಲು ಅದನ್ನ ಬರ್ಕೋ."