ಕಿವಿಗೊಂದು ಬೀಗ

ಇನ್ನು ಮುಂದೆ ಒಂದೇ ಒಂದು ಪೊಳ್ಳು ಮಾತೂ ನನ್ನ ಕಿವಿಯ ಹೊಸ್ತಿಲು ದಾಟಕೂಡದು! ಹೀಗೆಂದು ನಾನು ಆದೇಶ ಹೊರಡಿಸಿದ್ದು ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಾ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ನಾನು ನಿವೃತ್ತ ನ್ಯಾಯಾಧೀಶೆ. ಜನರ ಮಾತು ಕೇಳಿಯೇ ಅನ್ನ ಸಂಪಾದಿಸಿದವಳು. ಆ ಅನುಭವದಿಂದ ಹೇಳುತ್ತೇನೆ: ಸಾಕ್ಷಿ 'ಸತ್ಯ ಹೇಳ್ಬೇಕು ಅಂದ್ರೆ' ಎಂದು ಶುರು ಮಾಡಿದರೆ ಸುಳ್ಳು ಮೆಟ್ಟಿಲು ಹತ್ತುತ್ತಿದೆ ಎಂದರ್ಥ. 'ತಪ್ಪು ತಿಳ್ಕೋಬೇಡಿ' ಎಂದರೆ ತಪ್ಪಾಗಿಯೇ ತಿಳಿಯಬೇಕಾದ ಸಂಗತಿ ಹಿಂದೆಯೇ ಬರುತ್ತಿದೆ. 'ಹೇಳ್ಬಾರ್ದು ಅಂದ್ಕೊಂಡಿದ್ದೆ' ಎಂದವರು ಹೇಳದೆ ಬಿಟ್ಟದ್ದನ್ನು ಈ ಜನ್ಮದಲ್ಲಿ ಕಂಡಿಲ್ಲ. 'ಒಂದ್ ಐದ್ ನಿಮಿಷ' ಎನ್ನುವುದಂತೂ ಕಾಲದ ಅಳತೆಯೇ ಅಲ್ಲ, ಅದೊಂದು ನಂಬಿಕೆ! ಕೋರ್ಟಿನಲ್ಲಿ "ಪಿಟೀಲು ಕುಯ್ಯಬೇಡಿ, ವಿಷಯಕ್ಕೆ ಬನ್ನಿ" ಎಂದು ಮೇಜು ಕುಟ್ಟಿದರೆ ಹಿರಿತಲೆ ವಕೀಲರೂ ಬಾಲ ಮುದುರಿಕೊಂಡು ವಿಷಯಕ್ಕೆ ಬರುತ್ತಿದ್ದರು. ಮನೆಯಲ್ಲಿ ಕುಟ್ಟಲು ಊಟದ ಮೇಜೊಂದೇ ಇತ್ತು. ಕುಟ್ಟಿದರೆ "ಉಪ್ಪು ಬೇಕಾ?" ಎನ್ನುತ್ತಿದ್ದರು.

ಎನ್ನುತ್ತಿದ್ದವರು ನನ್ನ ಯಜಮಾನರು. ದಂತವೈದ್ಯರು. 'ನೋವಾಗಲ್ಲ' ಎಂಬ ಒಂದೇ ಸುಳ್ಳಿನ ಮೇಲೆ ಎರಡಂತಸ್ತಿನ ಮನೆ ಕಟ್ಟಿಸಿದವರು. ಸೊಸೆ ಕಟ್ಟಡಗಳ ನಕ್ಷೆ ಬರೆಯುವವಳು. ಜಾಣೆಯೇ, ಆದರೆ 'ಬೇಸಿಕಲಿ' ಎಂಬ ಅಡಿಪಾಯ ಹಾಕದೆ ಒಂದು ವಾಕ್ಯವನ್ನೂ ಎಬ್ಬಿಸುವವಳಲ್ಲ. "ಬೇಸಿಕಲಿ ಅತ್ತೆ, ಹಾಲು ಮುಗಿದಿದೆ." ಹಾಲು ಮುಗಿಯುವುದರಲ್ಲಿ ಯಾವ ತತ್ತ್ವ ಅಡಗಿದೆಯೋ ಕಾಣೆ! ಮಗ ಕೆಲಸದ ಮೇಲೆ ಸದಾ ಪ್ರಯಾಣದಲ್ಲಿರುವವನಾದ್ದರಿಂದ ಈ ಮೊಕದ್ದಮೆಯಿಂದ ಅವನನ್ನು ಕೈಬಿಡಲಾಗಿದೆ.

ಇಂಥ ಆದೇಶ ಜಾರಿ ಮಾಡುವ ಧೈರ್ಯ ಎಲ್ಲಿಂದ ಬಂತು ಎನ್ನುವಿರೋ? ಕಿವಿಯಿಂದಲೇ. ವಯಸ್ಸಿಗೆ ಕಿವಿ ಮಂದವಾಗಿ, ಡಾಕ್ಟರು ಕಿವಿಯ ಹಿಂದೆ ಕೂರುವ ಪುಟ್ಟ ಯಂತ್ರ ಕೊಟ್ಟಿದ್ದರು. ಅದಕ್ಕೊಂದು ಗುಂಡಿ. ಒತ್ತಿದರೆ ಲೋಕವೆಲ್ಲ ಮೌನ! ಮತ್ತೆ ಒತ್ತಿದರೆ ಗದ್ದಲ ಸಮೇತ ವಾಪಸ್ಸು. ದೇವರು ಕಣ್ಣಿಗೆ ರೆಪ್ಪೆ ಕೊಟ್ಟು ಕಿವಿಗೆ ಕೊಡದೆ ಮಾಡಿದ ತಪ್ಪನ್ನು ಯಾರೋ ಪುಣ್ಯಾತ್ಮರು ತಿದ್ದಿದ್ದರು.

ನನ್ನ ಕ್ರಮ ಸರಳ. ದುಷ್ಟ ಪದ ಕಿವಿಗೆ ಬಿದ್ದೊಡನೆ, ಕೂದಲು ಸರಿಪಡಿಸಿಕೊಳ್ಳುವವಳಂತೆ ಕೈಯನ್ನು ಕಿವಿಯ ಹಿಂದೆ ಒಯ್ದು ಗುಂಡಿ ಒತ್ತುವುದು. ಎದುರಿನವರ ತುಟಿಗಳನ್ನೇ ನೋಡುತ್ತಾ ಕೂರುವುದು. ತುಟಿ ನಿಂತಾಗ ಗಂಭೀರವಾಗಿ "ಹೂಂ" ಎನ್ನುವುದು. ಮತ್ತೆ ಕೂದಲು ಸರಿಪಡಿಸಿಕೊಳ್ಳುವುದು. ಕನ್ನಡಿಯ ಮುಂದೆ ಅಭ್ಯಾಸ ಮಾಡಿ ನೋಡಿದೆ. ಆಹಾ, ಮುಖದಲ್ಲಿ ಎಂಥ ಶಾಂತಿ!

ಕೆಲವು ದಿನ ಸ್ವರ್ಗ. ಆಮೇಲೊಂದು ಸಂಜೆ ಹಜಾರಕ್ಕೆ ಬಂದರೆ ನನ್ನ ಎತ್ತರದ ಬೆನ್ನಿನ ಕುರ್ಚಿ ಇಲ್ಲ.

"ರೀ, ನನ್ನ ಕುರ್ಚಿ ಎಲ್ಲಿ?"

"ಪಕ್ಕದ ಮನೆಯವರು ತಗೊಂಡು ಹೋದ್ರಲ್ಲ. ನಿನ್ನೇ ಕೇಳಿದ್ನಲ್ಲ, ಹೂಂ ಅಂದೆ."

"ನಾನಾ?"

"ಇನ್ಯಾರು? ನಿಂಗೆ ಕೇಳಿಸ್ಲಿಲ್ವಾ?"

ಈ ಪ್ರಶ್ನೆಗೆ 'ಇಲ್ಲ' ಎಂದರೆ ಗುಂಡಿಯ ಗುಟ್ಟು ಬಯಲಾಗುತ್ತದೆ. "ಕೇಳಿಸದೆ ಏನು? ಹಳೇ ಕುರ್ಚಿ, ಹೋಗಲಿ" ಎಂದು ಬಿಗುಮಾನದಿಂದ ಸ್ಟೂಲಿನ ಮೇಲೆ ಕುಳಿತೆ.

ಮರುವಾರ ಹಜಾರದ ಕಿಟಕಿಗಳಿಗೆಲ್ಲ ಬಾಡಿದ ಬದನೆಕಾಯಿ ಬಣ್ಣದ ಪರದೆಗಳು ಬಂದವು. "ನೀವೇ ಆರಿಸಿದ್ದು ಅತ್ತೆ" ಎಂದಳು ಸೊಸೆ. "ಮೂರು ತೋರಿಸ್ದೆ. ಇದನ್ನ ಹಿಡಿದಾಗ್ಲೇ ನೀವು ಹೂಂ ಅಂದಿದ್ದು." ನನ್ನ ಅಭಿರುಚಿಯನ್ನು ನಾನೇ ಹೊಗಳಿಕೊಳ್ಳಬೇಕಾಯಿತು.

ಕುರ್ಚಿ ಹೋಗಲಿ, ಪರದೆ ಸುಡಲಿ. ನನಗೊಂದು ಕೋಟೆಯಿತ್ತು: ಮೆಟ್ಟಿಲ ಪಕ್ಕದ ಓದುವ ಕೋಣೆ. ಸುಳ್ಳುಸಾಕ್ಷ್ಯವನ್ನು ಕುರಿತು ಪುಸ್ತಕವೊಂದನ್ನು ಅಲ್ಲಿ ಕುಳಿತು ಬರೆಯುತ್ತಿದ್ದೆ. ಈ ಮನೆಯಲ್ಲಿ ನನ್ನದೇ ಎಂದು ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಅದೊಂದೇ.

ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದರೆ ನನ್ನ ಪುಸ್ತಕಗಳೆಲ್ಲ ರಟ್ಟಿನ ಪೆಟ್ಟಿಗೆ ಸೇರಿ ಕೋಣೆಯ ಹೊರಗೆ ಕುಳಿತಿದ್ದವು, ಜಾಮೀನು ಸಿಗದವರ ಹಾಗೆ. ಒಳಗೆ ಬಣ್ಣದವನು ಏಣಿಯ ಮೇಲಿದ್ದ. ಗೋಡೆ ಗಿಳಿಹಸಿರು!

"ಯಾರಪ್ಪಣೆ ಇದು?" ಎಂದು ಗುಡುಗುತ್ತಾ ಒಳನುಗ್ಗಿದೆ.

"ಅಯ್ಯೋ, ತಪ್ಪು ತಿಳ್ಕೋಬೇಡಿ ಮೇಡಂ..."

ಬುದ್ಧಿಗಿಂತ ಮುಂಚೆ ಕೈ ಎದ್ದಿತ್ತು. ಗುಂಡಿ ಒತ್ತಿದೆ. ಅವನ ತುಟಿ ಆಡಿತು, ಕುಂಚ ಆಡಿತು, ಆಮೇಲೆ ಎರಡು ಕೈಗಳೂ ನನ್ನ ಕಾಲಿನ ಕಡೆ ಆಡಿದವು. ಕ್ಷಮೆ ಕೇಳುತ್ತಿದ್ದಾನೆಂದು ಭಾವಿಸಿ, ಘನತೆಯಿಂದ "ಹೂಂ" ಎಂದು ಒಂದು ಹೆಜ್ಜೆ ಹಿಂದಿಟ್ಟೆ. ನೇರವಾಗಿ ಬಣ್ಣದ ಡಬ್ಬದೊಳಕ್ಕೆ!

ಕಿರುಚಿದೆನಂತೆ. ಯಂತ್ರ ಮುಚ್ಚಿದ್ದರಿಂದ ನನಗದು ಸರಿಯಾಗಿ ಕೇಳಿಸಲಿಲ್ಲ. ಯಜಮಾನರೂ ಸೊಸೆಯೂ ಓಡಿ ಬಂದರು. ಗುಂಡಿ ಒತ್ತಿಕೊಂಡು, ಒಂಟಿ ಕಾಲಿನ ಕೊಕ್ಕರೆಯಂತೆ ಗೋಡೆ ಹಿಡಿದು ನಿಂತು ವಿಚಾರಣೆ ಆರಂಭಿಸಿದೆ.

"ನನ್ನ ಕೋಣೆಗೆ ಏನ್ ಮಾಡ್ತಿದ್ದೀರಿ?"

"ಅಮ್ಮ ಬರ್ತಿದ್ದಾರಲ್ಲ ಅತ್ತೆ" ಎಂದಳು ಸೊಸೆ ಕಣ್ಣರಳಿಸಿ. "ಅವರ ಮನೆ ರಿಪೇರಿ ಮುಗಿಯೋವರೆಗೂ. ಅವರ ಪಾಠಕ್ಕೆ ಈ ಕೋಣೆ ಆಗ್ಬಹುದಾ ಅಂತ ಕೇಳ್ದೆ. ನೀವು ಹೂಂ ಅಂದ್ರಿ. ಖಾತ್ರಿಗೆ ಇನ್ನೊಂದ್ಸಲ ಕೇಳ್ದೆ. ಆಗ್ಲೂ ಹೂಂ ಅಂದ್ರಿ!"

"ಪಾಠ? ಏನು ಪಾಠ?"

ಯಜಮಾನರು ಮಂಡಿಯೂರಿ ನನ್ನ ಕಾಲು ಹಿಡಿದುಕೊಂಡರು. "ಅಲುಗಾಡ್ಬೇಡ, ನೋವಾಗಲ್ಲ" ಎಂದು ಒಂದೇ ಎಳೆತಕ್ಕೆ ಡಬ್ಬ ಕಿತ್ತರು. ಜೀವ ಬಾಯಿಗೆ ಬಂತು. ಆ ಗಳಿಗೆಯಲ್ಲೇ ಮೃದುವಾಗಿ ಹೇಳಿದರು:

"ಪಿಟೀಲು."

ಸೀಮೆಎಣ್ಣೆಯಲ್ಲಿ ಕಾಲು ತಿಕ್ಕಿಕೊಳ್ಳುತ್ತಾ ಅವರೊಬ್ಬರನ್ನೇ ಕಟಕಟೆಗೆ ಹತ್ತಿಸಿದೆ.

"ಗುಂಡಿ ವಿಷಯ ನಿಮಗೆ ಗೊತ್ತಿತ್ತಾ?"

"ಮೊದಲ್ನೇ ದಿನಾನೇ. ಕೂದಲು ಮುಟ್ಕೊಂಡ ತಕ್ಷಣ ನಿನ್ನ ಮುಖ ಸೂಜಿ ಚುಚ್ಚಿಸ್ಕೊಂಡ ಪೇಷೆಂಟ್ ಥರ ಆಗ್ತಿತ್ತು. ಮರಗಟ್ಟಿದ ಮೇಲೆ ತಾನೇ ಕೀಳೋದು!"

"ಅಂದ್ರೆ ಬೇಕಂತಲೇ..."

"ಕುರ್ಚಿಗೆ 'ತಪ್ಪು ತಿಳ್ಕೋಬೇಡ' ಅಂದೆ. ಅಷ್ಟು ಸಾಕಾಯ್ತು. ಕೋಣೆಗೆ ಸ್ವಲ್ಪ ಡೋಸ್ ಜಾಸ್ತಿ ಬೇಕು, ಎರಡು ಸಲ 'ಬೇಸಿಕಲಿ' ಅನ್ನು ಅಂತ ಸೊಸೆಗೆ ಹೇಳ್ಕೊಟ್ಟೆ."

"ಇದು ಶುದ್ಧ ಮೋಸ!"

"ಮೌನಂ ಸಮ್ಮತಿ ಲಕ್ಷಣಂ ಅಂತ ಎಷ್ಟು ಜನಕ್ಕೆ ತೀರ್ಪು ಕೊಟ್ಟಿದೀಯ? ನಿಂದು ಮೌನಾನೂ ಅಲ್ಲ, ಬಾಯಿಬಿಟ್ಟು ಹೂಂ ಅಂದಿದೀಯ!"

ಕಾನೂನು ಅವರ ಕಡೆಗಿತ್ತು. ಅದನ್ನು ಅವರಿಗೆ ಕಲಿಸಿದ್ದೂ ನಾನೇ.

ಬೀಗಿತಿ ಬಂದರು. ಹಿಂದೆಯೇ ಪಿಟೀಲು ಹಿಡಿದ ಮಕ್ಕಳ ದಂಡು ಬಂತು. ಕೀಲಿಗೆ ಎಣ್ಣೆ ಕಾಣದ ಬಾಗಿಲುಗಳನ್ನು ಒಟ್ಟಿಗೆ, ತಾಳ ತಪ್ಪದಂತೆ, ತೆರೆದು ಮುಚ್ಚಿದರೆ ಹೇಗಿರುತ್ತದೋ ಹಾಗಿತ್ತು ನಾದ. ಗುಂಡಿ ಒತ್ತಬಾರದೇ ಎನ್ನುವಿರಿ. ಒತ್ತುವುದು ಹೇಗೆ? ಸೊಸೆ ಅಳತೆಪಟ್ಟಿ ಹಿಡಿದು ನನ್ನ ಮಲಗುವ ಕೋಣೆಯ ಕಡೆ ಓಡಾಡುತ್ತಿದ್ದಳು! ಆ ಮೌನದಲ್ಲಿ ಇನ್ನಾವುದಕ್ಕೆ ಹೂಂ ಎಂದುಬಿಡುವೆನೋ! ಕಿವಿ ಮುಚ್ಚಿದರೆ ಮನೆ ಹೋಗುತ್ತದೆ, ತೆರೆದರೆ ಪ್ರಾಣ ಹೋಗುತ್ತದೆ.

ಇನ್ನು ನೇರ ಮಾತೇ ಗತಿ ಎಂದು ಎದ್ದೆ. 'ನನ್ನ ಕೋಣೆ ನನಗೆ ಬೇಕು.' ಇಷ್ಟೇ ವಾಕ್ಯ. ಹಿಂದಿಲ್ಲ, ಮುಂದಿಲ್ಲ. ಬಾಗಿಲು ತಳ್ಳಿದೆ.

"ಬನ್ನಿ ಅಕ್ಕಾ, ಬನ್ನಿ!" ಬೀಗಿತಿ ಮುಖ ತುಂಬ ನಕ್ಕರು. "ನೀವು ದೊಡ್ಡ ಮನಸ್ಸು ಮಾಡಿ ಕೊಟ್ರಿ ನೋಡಿ, ಇಲ್ದಿದ್ರೆ ಈ ಮಕ್ಕಳನ್ನ ಎಲ್ಲಿ ಕೂರಿಸ್ಲಿ?"

ಜೀವಾವಧಿ ಶಿಕ್ಷೆಯನ್ನು ಗಂಟಲು ಸರಿಪಡಿಸಿಕೊಳ್ಳದೆ ಓದಿದವಳು ನಾನು. ಆ ನಗುವಿನ ಮುಂದೆ ನನ್ನ ನೇರ ವಾಕ್ಯ ಕೈಕೊಟ್ಟಿತು. ಕೊನೆಗೆ ಹೊರಬಿದ್ದದ್ದು:

"ತಪ್ಪು ತಿಳ್ಕೋಬೇಡಿ..."

ಬೀಗಿತಿ ನಗುತ್ತಲೇ ಕಿವಿಯ ಹಿಂದೆ ಕೂದಲು ಸರಿಪಡಿಸಿಕೊಂಡರು.

"ಹೇಳ್ಬಾರ್ದು ಅಂದ್ಕೊಂಡಿದ್ದೆ. ಬೇಸಿಕಲಿ..." ಎಂದು ಶುರು ಮಾಡಿದ ಮೇಲೆ ಮಾತು ಹರಿಯಿತು. ನನ್ನ ಪುಸ್ತಕ, ನನ್ನ ವಯಸ್ಸು, ಏಕಾಂತದ ಹಕ್ಕು, ಪಾಠಕ್ಕೆ ಮಹಡಿಯ ಹಜಾರವೇ ಎಷ್ಟು ಪ್ರಶಸ್ತ ಎಂಬುದು! ಅಷ್ಟು ಸೊಗಸಾದ ವಾದವನ್ನು ಯಾವ ವಕೀಲರೂ ನನ್ನೆದುರು ಮಂಡಿಸಿರಲಿಲ್ಲ. ಬೀಗಿತಿ ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಮುಖದಲ್ಲಿ ಎಂಥ ಶಾಂತಿ! ಮುಗಿಸಿ ಉಸಿರೆಳೆದುಕೊಂಡೆ.

"ಹೂಂ" ಎಂದರು ಆಕೆ, ಗಂಭೀರವಾಗಿ.

ಗೆದ್ದೆ ಎಂದುಕೊಂಡೆ, ಅರೆಕ್ಷಣ. ಆಮೇಲೆ ಹೊಳೆಯಿತು. ಆ 'ಹೂಂ' ನನ್ನದು!

ಆಕೆ ಇನ್ನೊಮ್ಮೆ ಕೂದಲು ಮುಟ್ಟಿಕೊಂಡು ದಂಡಿನ ಕಡೆ ತಿರುಗಿದರು. "ಎಲ್ಲಿದ್ವಿ ಮಕ್ಕಳೇ? ಸರಿ, ಮೊದಲಿಂದ!"

ಕಮಾನುಗಳೆಲ್ಲ ಒಟ್ಟಿಗೆ ಮೇಲೆದ್ದವು. ಬೀಗಿತಿಯ ಕೈ ಮತ್ತೆ, ಬಲು ನಯವಾಗಿ, ಕಿವಿಯ ಹಿಂದಿನ ಕೂದಲಿಗೆ ಹೋಯಿತು.